ಕಡಲು ದಾಟಿದ ಹಾಡು, ಬೇಲಿ ದಾಟದ ಪ್ರೀತಿ

ಸೋತವರ ಹಾಡನ್ನು ಇತಿಹಾಸ ಕಾಪಾಡುವುದು ಅಪರೂಪ. ಮಾರುಕಟ್ಟೆಯಂತೂ ಕಾಪಾಡುವುದೇ ಇಲ್ಲ. ಮಾರಾಟವಾಗದ ಗ್ರಾಮಫೋನ್ ತಟ್ಟೆ ಗೋದಾಮಿನ ಮೂಲೆ ಸೇರುತ್ತದೆ. ಕೊನೆಗೊಂದು ದಿನ ಸಗಟು ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಹಾಡಿದವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಜಗತ್ತು ಮುಂದಿನ ಹಾಡಿಗೆ ಕಿವಿಗೊಡುತ್ತದೆ.

ಆದರೆ ಕಳೆದ ಶತಮಾನದ ಅರವತ್ತು ಮತ್ತು ಎಪ್ಪತ್ತರ ದಶಕಗಳಲ್ಲಿ ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದು ನಡೆಯಿತು. ಅಮೆರಿಕದಲ್ಲಿ ಯಾರೂ ಕೊಳ್ಳದೆ ಬಿಟ್ಟ, ಬಹುಪಾಲು ಕಪ್ಪು ಜನರು ಹಾಡಿದ ತಟ್ಟೆಗಳನ್ನು ಇಲ್ಲಿನ ಬಿಳಿಯ ಕಾರ್ಮಿಕರ ಮಕ್ಕಳು ಹುಡುಕಿ ಹುಡುಕಿ ತಂದರು. ಅವುಗಳ ಸುತ್ತ ರಾತ್ರಿಯಿಡೀ ಕುಣಿಯುವ ಒಂದು ಲೋಕವನ್ನೇ ಕಟ್ಟಿದರು. ಆ ಲೋಕಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಾಯಿತು. ಹೆಸರಿನಲ್ಲಿ ಉತ್ತರ ಎಂಬ ಮಾತಿದೆ. ಅದು ಹಾಡು ಹುಟ್ಟಿದ ಊರಿನ ಗುರುತಲ್ಲ, ಅದನ್ನು ಕೇಳಿದ ಊರಿನ ಗುರುತು. ಸಂಗೀತದ ಇತಿಹಾಸದಲ್ಲಿ ಹಾಡುವವರನ್ನು ಬಿಟ್ಟು ಕೇಳುವವರ ವಿಳಾಸದಿಂದ ಹೆಸರು ಪಡೆದ ಪ್ರಕಾರಗಳು ಹೆಚ್ಚಿಲ್ಲ.

ಒಂದು ಜನಾಂಗದ ಕಲೆಯನ್ನು ಪ್ರೀತಿಸುವುದೆಂದರೆ ಆ ಜನರನ್ನೂ ಪ್ರೀತಿಸಿದಂತೆಯೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕುಣಿತದ ಕಥೆ ಕೇವಲ ಸಂಗೀತದ ಕಥೆಯಾಗಿ ಉಳಿಯುವುದಿಲ್ಲ.

ಕಾರ್ಖಾನೆಯಿಂದ ಬಂದ ಹಾಡು

ಕಥೆ ಆರಂಭವಾಗುವುದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ಏಳು ದಶಕಗಳಲ್ಲಿ ಲಕ್ಷಾಂತರ ಕಪ್ಪು ಕುಟುಂಬಗಳು ದಕ್ಷಿಣದ ಹತ್ತಿಯ ಹೊಲಗಳನ್ನೂ ಅಲ್ಲಿನ ವರ್ಣಭೇದದ ಕಾನೂನುಗಳನ್ನೂ ಬಿಟ್ಟು ಡೆಟ್ರಾಯಿಟ್, ಷಿಕಾಗೊದಂಥ ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಬಂದವು. ಡೆಟ್ರಾಯಿಟ್ ಮೋಟಾರು ಕಾರುಗಳ ಊರು. ಅಲ್ಲಿನ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ ಎಂಬಾತ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಒಂದು ರೆಕಾರ್ಡ್ ಕಂಪೆನಿ ಆರಂಭಿಸಿದ. ಅದೇ ಮುಂದೆ ಜಗತ್ಪ್ರಸಿದ್ಧವಾದ ಮೋಟೌನ್.

ಚರ್ಚಿನ ಭಜನೆಯ ತೀವ್ರತೆ ಮತ್ತು ಬೀದಿಯ ತಾಳ ಕೂಡಿ ಹುಟ್ಟಿದ ಈ ಸಂಗೀತಕ್ಕೆ ‘ಸೋಲ್’ ಎಂದು ಹೆಸರು. ಆತ್ಮ ಎಂದು ಅದರ ಅರ್ಥ. ಮೋಟೌನಿನ ಯಶಸ್ಸು ಕಂಡು ಡೆಟ್ರಾಯಿಟ್, ಷಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್‌ಗಳಲ್ಲಿ ನೂರಾರು ಸಣ್ಣ ಕಂಪೆನಿಗಳು ತಲೆಯೆತ್ತಿದವು. 1949ರಲ್ಲಿ ಮಾರುಕಟ್ಟೆಗೆ ಬಂದಿದ್ದ ಏಳು ಇಂಚಿನ ಪುಟ್ಟ ತಟ್ಟೆ ಇವರ ಬಂಡವಾಳ. ಒಂದು ಬದಿಗೆ ಒಂದೇ ಹಾಡು, ಅದೂ ಹೆಚ್ಚೆಂದರೆ ಮೂರು ನಿಮಿಷ. ಕೆಲವು ನೂರು ಪ್ರತಿ ಒತ್ತಿಸಿ ರೇಡಿಯೊ ಕೇಂದ್ರಗಳಿಗೆ ಹಂಚುವುದು, ಅದೃಷ್ಟ ಕಾಯುವುದು. ಬಹುತೇಕ ಹಾಡುಗಳಿಗೆ ಆ ಅದೃಷ್ಟ ಒದಗಲಿಲ್ಲ. ಹಾಡು ಕೆಟ್ಟದಾಗಿತ್ತೆಂದಲ್ಲ. ರೇಡಿಯೊದಲ್ಲಿ ಹಾಕಿಸುವ ಶಕ್ತಿ, ಅಂಗಡಿಗಳಿಗೆ ತಲುಪಿಸುವ ಜಾಲ ಸಣ್ಣವರ ಬಳಿ ಇರಲಿಲ್ಲ ಅಷ್ಟೇ. ಹೀಗೆ ಸಾವಿರಾರು ಹಾಡುಗಳು ಹುಟ್ಟಿದ ವರ್ಷವೇ ಸತ್ತವು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಕಪ್ಪು ಸಂಗೀತವೇ ಬೇರೆ ಹಾದಿ ಹಿಡಿದಿತ್ತು. 1967ರ ಜುಲೈಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದು 43 ಮಂದಿ ಸತ್ತಿದ್ದರು. ಹೊಸ ಕಾಲದ ಹಾಡುಗಳ ಲಯ ನಿಧಾನವಾಯಿತು, ಮಾತು ಮೊನಚಾಯಿತು. ಹಳೆಯ ತಟ್ಟೆಗಳನ್ನು ಕೇಳುವವರಿರಲಿಲ್ಲ.

ಗಿರಣಿ ಊರುಗಳ ರಾತ್ರಿ

ಇತ್ತ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1963ರಲ್ಲಿ ‘ಟ್ವಿಸ್ಟೆಡ್ ವೀಲ್’ ಎಂಬ ಕ್ಲಬ್ ಆರಂಭವಾಯಿತು. ಶನಿವಾರ ರಾತ್ರಿಯಿಂದ ಭಾನುವಾರ ಬೆಳಗಿನವರೆಗೆ ಇಲ್ಲಿ ಅಮೆರಿಕದ ಕಪ್ಪು ಸಂಗೀತ ಮೊಳಗುತ್ತಿತ್ತು. ಅರವತ್ತರ ದಶಕದ ಕೊನೆಗೆ ಲಂಡನ್ನಿನ ಯುವಜನ ಹೊಸ ಸಂಗೀತಕ್ಕೆ ಹೊರಳಿದರು. ಉತ್ತರದವರು ಹೊರಳಲಿಲ್ಲ. ಅವರಿಗೆ ಅರವತ್ತರ ದಶಕದ ನಡುವಿನ ಆ ವೇಗದ, ಗಟ್ಟಿ ತಾಳದ ಹಾಡುಗಳೇ ಬೇಕಿತ್ತು.

ಇದನ್ನು ಗಮನಿಸಿ ಹೆಸರಿಟ್ಟವರು ಡೇವ್ ಗೋಡಿನ್ ಎಂಬ ಪತ್ರಕರ್ತ. ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ ಅವರಿಗೊಂದು ರೆಕಾರ್ಡ್ ಅಂಗಡಿ ಇತ್ತು. ಫುಟ್‌ಬಾಲ್ ಪಂದ್ಯ ನೋಡಲು ಬಂದ ಉತ್ತರದ ಹುಡುಗರು ಅಂಗಡಿಗೆ ಬಂದು ಹೊಸ ತಟ್ಟೆಗಳನ್ನು ಮುಟ್ಟದೆ ಹಳೆಯದನ್ನೇ ಕೇಳುತ್ತಿದ್ದರು. ಅವರಿಗೆ ಬೇಕಾದ್ದನ್ನು ತೋರಿಸಲು ಅಂಗಡಿಯ ಹುಡುಗರಿಗೆ ಸುಲಭವಾಗಲೆಂದು ಗೋಡಿನ್ ‘ನಾರ್ದರ್ನ್ ಸೋಲ್’ ಎಂಬ ಹೆಸರು ಬಳಸತೊಡಗಿದರು. 1970ರಲ್ಲಿ ‘ಬ್ಲೂಸ್ ಆ್ಯಂಡ್ ಸೋಲ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಅದನ್ನು ಬರೆದರು. ಅಂಗಡಿಯ ಮಾತು ಚರಿತ್ರೆಯ ಮಾತಾಯಿತು.

1971ರಲ್ಲಿ ಟ್ವಿಸ್ಟೆಡ್ ವೀಲ್ ಮುಚ್ಚಿತು. ಸ್ಟೋಕ್ ನಗರದ ಟನ್‌ಸ್ಟಾಲ್‌ನಲ್ಲಿದ್ದ ‘ಗೋಲ್ಡನ್ ಟಾರ್ಚ್’ ಆ ಜಾಗ ತುಂಬಿತು. 1973ರಲ್ಲಿ ಅದೂ ಮುಚ್ಚಿದಾಗ ಅದೇ ವರ್ಷದ ಸೆಪ್ಟೆಂಬರ್ 23ರಂದು ವಿಗನ್ ಊರಿನ ‘ಕ್ಯಾಸಿನೊ’ದಲ್ಲಿ ಮೊದಲ ಇಡೀ ರಾತ್ರಿಯ ಕುಣಿತ ನಡೆಯಿತು. ಹೆಸರು ಕ್ಯಾಸಿನೊ ಎಂದಿದ್ದರೂ ಅದು ಜೂಜುಕಟ್ಟೆಯಲ್ಲ. ಎಂಪ್ರೆಸ್ ಬಾಲ್‌ರೂಮ್ ಎಂಬ ಹಳೆಯ ನೃತ್ಯಭವನ ಅದು.

ವಿಗನ್ ಎಂದರೆ ಕಲ್ಲಿದ್ದಲು ಮತ್ತು ಹತ್ತಿ ಗಿರಣಿಗಳ ಊರು. ಜಾರ್ಜ್ ಆರ್ವೆಲ್ 1937ರಲ್ಲಿ ಬರೆದ ಬಡತನದ ವರದಿಯ ಪುಸ್ತಕಕ್ಕೆ ಹೆಸರು ಕೊಟ್ಟ ಊರು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಗಣಿಗಳೂ ಗಿರಣಿಗಳೂ ಒಂದೊಂದಾಗಿ ಮುಚ್ಚುತ್ತಿದ್ದವು. ವಾರವಿಡೀ ಯಂತ್ರದ ಮುಂದೆ ನಿಂತ ಹುಡುಗ ಹುಡುಗಿಯರು ಶನಿವಾರ ರಾತ್ರಿ ಕೈಚೀಲ ಹಿಡಿದು ರೈಲು, ಬಸ್ಸು ಹತ್ತಿ ಬರುತ್ತಿದ್ದರು. ರಾತ್ರಿ ಎರಡಕ್ಕೆ ಬಾಗಿಲು ತೆರೆದರೆ ಬೆಳಿಗ್ಗೆ ಎಂಟರವರೆಗೆ ಕುಣಿತ. ಕಾಲು ಸಲೀಸಾಗಿ ಜಾರಲೆಂದು ನೆಲಕ್ಕೆ ಟಾಲ್ಕಮ್ ಪೌಡರ್ ಚೆಲ್ಲುತ್ತಿದ್ದರು. ಜೋಡಿ ಬೇಕಿಲ್ಲ, ಒಬ್ಬೊಬ್ಬರೇ ಕುಣಿಯುವುದು. ಗಿರಕಿ, ಹಿಂದಕ್ಕೆ ಬಿದ್ದು ಏಳುವುದು, ಎತ್ತರದ ಒದೆತ. ಸಡಿಲ ಪ್ಯಾಂಟು, ಬೆವರಿಗೆ ಒದ್ದೆಯಾದ ಬನಿಯನ್ನು. ಬೆಳಗಾಗುವಾಗ ಪ್ರತಿ ಬಾರಿಯೂ ಅವೇ ಮೂರು ಹಾಡುಗಳನ್ನು ಹಾಕಿ ಮುಗಿಸುವುದು ಅಲ್ಲಿನ ಸಂಪ್ರದಾಯವಾಗಿತ್ತು.

ಈ ಕೂಟಗಳಲ್ಲಿ ಮದ್ಯ ಮಾರುತ್ತಿರಲಿಲ್ಲ ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ಆದರೆ ಅದರಿಂದ ಎಲ್ಲವೂ ಶುಭ್ರವಾಗಿತ್ತೆಂದು ಭಾವಿಸಬೇಕಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಕುಣಿಯಲು ಆಂಫೆಟಮಿನ್ ಮಾತ್ರೆಗಳನ್ನು ನುಂಗುವ ಚಟ ಆರಂಭದಿಂದಲೂ ಇತ್ತು. ಅದಕ್ಕಾಗಿ ಔಷಧಿ ಅಂಗಡಿಗಳಿಗೆ ಕನ್ನ ಹಾಕಿದವರಿದ್ದರು. ಪ್ರಾಣ ಕಳೆದುಕೊಂಡವರೂ ಇದ್ದರು. ಟಾರ್ಚ್ ಮುಚ್ಚಿದ್ದರ ಹಿಂದೆ ಇದೇ ಕಾರಣವಿತ್ತು. ಹಳೆಯ ದಿನಗಳನ್ನು ನೆನೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದು.

ತಟ್ಟೆಯ ಬೆಲೆ, ದನಿಯ ಬೆಲೆ

ಕುಣಿತದ ಲೋಕದಲ್ಲಿ ಅಧಿಕಾರ ತಟ್ಟೆ ಹಾಕುವವನದು. ಬೇರೆ ಯಾರಲ್ಲೂ ಇಲ್ಲದ ತಟ್ಟೆ ಯಾರಲ್ಲಿದೆಯೋ ಅವನ ಕಡೆಗೇ ಜನ. ಹೀಗಾಗಿ ಸಂಗ್ರಾಹಕರು ಅಮೆರಿಕಕ್ಕೇ ಹೋಗಿ ಗೋದಾಮು, ಗುಜರಿ, ಮುಚ್ಚಿದ ಅಂಗಡಿಗಳನ್ನು ಜಾಲಾಡಿದರು. ಸಿಕ್ಕ ತಟ್ಟೆಯ ಗುಟ್ಟು ಬಯಲಾಗದಿರಲೆಂದು ಅದರ ಮೇಲಿನ ಚೀಟಿ ಮರೆಸಿ, ಇಲ್ಲದ ಗಾಯಕನ ಹೆಸರು ಹೇಳಿ ನುಡಿಸುವ ರೂಢಿ ಬಂತು. ಕಪ್ಪು ಗಾಯಕನೊಬ್ಬನ ಹೆಸರನ್ನು ಅವನ ಅಭಿಮಾನಿಗಳೇ ಬಚ್ಚಿಟ್ಟರು! ಮಾರುಕಟ್ಟೆ ಅವನನ್ನು ಒಮ್ಮೆ ಮರೆಸಿತ್ತು. ಅಭಿಮಾನ ಇನ್ನೊಮ್ಮೆ ಮರೆಸಿತು.

ಇದಕ್ಕೆ ಪ್ರಸಿದ್ಧ ಉದಾಹರಣೆ ಫ್ರಾಂಕ್ ವಿಲ್ಸನ್. ಮೋಟೌನಿನಲ್ಲಿ ಇತರರಿಗೆ ಹಾಡು ಬರೆದು, ನಿರ್ಮಾಪಕರಾಗಿ ದುಡಿಯುತ್ತಿದ್ದ ಅವರು 1965ರಲ್ಲಿ ‘ಡು ಐ ಲವ್ ಯು’ ಎಂಬ ಹಾಡನ್ನು ತಾವೇ ಹಾಡಿದರು. ಪರೀಕ್ಷೆಗೆಂದು ಒತ್ತಿಸಿದ್ದು ಸುಮಾರು 250 ಪ್ರತಿ. ವಿಲ್ಸನ್ ಗಾಯಕರಾಗುವ ಬದಲು ನಿರ್ಮಾಪಕರಾಗಿಯೇ ಮುಂದುವರಿದರು. ಬಿಡುಗಡೆ ರದ್ದಾಗಿ ಪ್ರತಿಗಳು ನಾಶವಾದವು. ಉಳಿದದ್ದು ಬೆರಳೆಣಿಕೆಯಷ್ಟು. ದಶಕದ ಬಳಿಕ ಆ ಹಾಡು ವಿಗನ್‌ನಲ್ಲಿ ಮೊಳಗಿದಾಗ ಅದನ್ನು ಎಡ್ಡಿ ಫಾಸ್ಟರ್ ಎಂಬ ಬೇರೆ ಹೆಸರಿನಲ್ಲಿ ನುಡಿಸಲಾಯಿತು. 2009ರಲ್ಲಿ ಅದರ ಒಂದು ಮೂಲ ಪ್ರತಿ 25,742 ಪೌಂಡಿಗೆ ಹರಾಜಾಯಿತು. ಹಳೆಯ ತಟ್ಟೆ ಕೈಬದಲಾದಾಗ ಲಾಭ ಮಾರಿದವನಿಗೆ ಹೊರತು ಹಾಡಿದವನಿಗಲ್ಲ. ವ್ಯಾಪಾರದ ನಿಯಮವೇ ಹಾಗೆ. ವಿಲ್ಸನ್ ಎಪ್ಪತ್ತರ ದಶಕದಲ್ಲೇ ಸಂಗೀತೋದ್ಯಮ ಬಿಟ್ಟು ಕ್ರೈಸ್ತ ಧರ್ಮಬೋಧಕರಾಗಿದ್ದರು. 2012ರಲ್ಲಿ ತೀರಿಕೊಂಡರು.

ಬೇಡಿಕೆ ಹೆಚ್ಚಿದಂತೆ ಕಳ್ಳಪ್ರತಿಗಳೂ ಹೆಚ್ಚಿದವು. ಕಳ್ಳಪ್ರತಿಯಿಂದ ಹಾಡುಗಾರನಿಗೆ ಒಂದು ಕಾಸೂ ಸಲ್ಲುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಗ್ಲೋರಿಯಾ ಜೋನ್ಸ್ 1964ರಲ್ಲಿ ಹಾಡಿದ ‘ಟೇಂಟೆಡ್ ಲವ್’ ಮರುವರ್ಷ ಒಂದು ತಟ್ಟೆಯ ಹಿಂಬದಿಯಲ್ಲಿ ಬಂದು ಯಾರ ಕಿವಿಗೂ ಬೀಳದೆ ಹೋಗಿತ್ತು. ಉತ್ತರ ಇಂಗ್ಲೆಂಡಿನ ಕುಣಿತದ ಭವನಗಳು ಅದಕ್ಕೆ ಜೀವ ಕೊಟ್ಟವು. ಆ ಪ್ರದೇಶದಲ್ಲೇ ಬೆಳೆದ ಇಬ್ಬರು ಬಿಳಿಯ ಯುವಕರ ‘ಸಾಫ್ಟ್ ಸೆಲ್’ ತಂಡ 1981ರಲ್ಲಿ ಅದನ್ನು ಮತ್ತೆ ಹಾಡಿತು. ಬ್ರಿಟನ್‌ನಲ್ಲಿ ಅದು ಮೊದಲ ಸ್ಥಾನಕ್ಕೇರಿತು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 43 ವಾರ ಉಳಿಯಿತು. ಕಪ್ಪು ಹೆಣ್ಣುಮಗಳ ದನಿಯಲ್ಲಿ ಅಮೆರಿಕಕ್ಕೆ ಬೇಡವಾಗಿದ್ದ ಹಾಡು ಕಡಲು ದಾಟಿ, ಮೈಬಣ್ಣ ಬದಲಿಸಿಕೊಂಡು ಮರಳಿದಾಗ ಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ.

ಎಲ್ಲ ಕಥೆಗಳೂ ಹೀಗೆಯೇ ಮುಗಿದವೆಂದರೆ ಅನ್ಯಾಯವಾದೀತು. ಷಿಕಾಗೊದಲ್ಲಿ ಹೆಸರು ಮಾಸುತ್ತಿದ್ದ ಮೇಜರ್ ಲ್ಯಾನ್ಸ್ ಎಪ್ಪತ್ತರ ದಶಕದ ಮೊದಲಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿ ಹಾಡಿದರು. ಟಾರ್ಚ್‌ನಲ್ಲಿ ಅವರು ನೀಡಿದ ಕಾರ್ಯಕ್ರಮ ಧ್ವನಿಮುದ್ರಿಕೆಯಾಗಿ ಹೊರಬಂತು. ಡೆಟ್ರಾಯಿಟ್‌ನಲ್ಲಿ ಹಾಡುತ್ತಿದ್ದ ಎಡ್ವಿನ್ ಸ್ಟಾರ್ ಇಂಗ್ಲೆಂಡನ್ನೇ ಮನೆ ಮಾಡಿಕೊಂಡು 2003ರಲ್ಲಿ ಅಲ್ಲೇ ಕೊನೆಯುಸಿರೆಳೆದರು. ಅಟ್ಲಾಂಟಾದ ‘ದಿ ಟ್ಯಾಮ್ಸ್’ ತಂಡ 1964ರಲ್ಲಿ ಹಾಡಿದ್ದ ಹಾಡೊಂದು ಕುಣಿತದವರ ಒತ್ತಾಯದಿಂದ ಮರುಮುದ್ರಣಗೊಂಡು 1971ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನ ಪಡೆಯಿತು. 1982ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕೆಂಟ್ ಎಂಬ ಸಂಸ್ಥೆ ಹಕ್ಕುದಾರರಿಂದ ಅನುಮತಿ ಪಡೆದು, ಗಾಯಕರ ಬದುಕಿನ ವಿವರಗಳನ್ನೂ ಹುಡುಕಿ ಬರೆದು ಹಳೆಯ ಹಾಡುಗಳನ್ನು ಮತ್ತೆ ಹೊರತಂದಿತು. ಮರೆಸಿದ ಹೆಸರುಗಳು ಹೀಗೆ ನಿಧಾನವಾಗಿ ತಮ್ಮ ಹಾಡುಗಳಿಗೆ ಮರಳಿ ಅಂಟಿಕೊಂಡವು.

ನೆರೆಮನೆಯ ಪ್ರಶ್ನೆ

ಈ ಕುಣಿತದವರ ಚಿಹ್ನೆ ಮೇಲೆತ್ತಿದ ಕಪ್ಪು ಮುಷ್ಟಿ. ಅದರೊಂದಿಗೆ ‘ನಂಬಿಕೆ ಬಿಡಬೇಡಿ’ ಎಂಬರ್ಥದ ಘೋಷಣೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕ ಪಡೆಯುವಾಗ ಎತ್ತಿದ ಮುಷ್ಟಿ ಜಗತ್ತಿಗೇ ಗೊತ್ತಿದೆ. ಕಪ್ಪು ಜನರ ಹೋರಾಟದ ಆ ಮುಷ್ಟಿ ವಿಗನ್‌ನ ಹುಡುಗರ ಅಂಗಿ, ಚೀಲಗಳ ಮೇಲೆ ಬಟ್ಟೆಯ ಬಿಲ್ಲೆಯಾಗಿ ಕುಳಿತಿತು.

ಅದೇ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಸದ ಈನಾಕ್ ಪೊವೆಲ್ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದ್ದ. ಅವನ ಮಾತಿನ ಗುರಿಯಾಗಿದ್ದವರು ದೂರದವರೇನಲ್ಲ. ಲ್ಯಾಂಕಾಷೈರ್ ಮತ್ತು ಯಾರ್ಕ್‌ಷೈರ್‌ನ ಗಿರಣಿಗಳಲ್ಲಿ ಸ್ಥಳೀಯರಿಗೆ ಬೇಡವಾದ ರಾತ್ರಿಪಾಳಿಗೆ ಆಗ ಆಳು ಬೇಕಿತ್ತು. ಗುಜರಾತಿನ ಭರೂಚ್ ಮತ್ತು ಸೂರತ್ ಕಡೆಯ ಮುಸ್ಲಿಮರು, ಪಾಕಿಸ್ತಾನದ ಪಂಜಾಬ್ ಮತ್ತು ಮೀರ್‌ಪುರದವರು, ಸಿಲ್ಹೆಟ್‌ನ ಬಂಗಾಳಿಗಳು ಬೋಲ್ಟನ್, ಬ್ಲ್ಯಾಕ್‌ಬರ್ನ್, ಪ್ರೆಸ್ಟನ್, ಓಲ್ಡಾಮ್‌ಗಳಲ್ಲಿ ಆ ಪಾಳಿಗಳನ್ನು ತುಂಬಿದರು. ಇಕ್ಕಟ್ಟಿನ ಸಾಲುಮನೆಗಳಲ್ಲಿ ವಾಸ. ಅಂಥದೇ ಒಂದು ಮನೆ ಪ್ರಾರ್ಥನೆಗೆ ಮಸೀದಿ. ಇವೆಲ್ಲ ಕುಣಿತಕ್ಕೆ ಹುಡುಗರು ಬರುತ್ತಿದ್ದ ಪ್ರದೇಶದ್ದೇ ಊರುಗಳು.

ಒಂದೇ ಊರಿನ ಎರಡು ರಾತ್ರಿಗಳನ್ನು ಊಹಿಸಿಕೊಳ್ಳಿ. ವಾರದ ರಾತ್ರಿಗಳಲ್ಲಿ ಮಗ್ಗದ ಸದ್ದಿನ ನಡುವೆ ಕಂದುಬಣ್ಣದ ತಂದೆಯಂದಿರು ಎಚ್ಚರವಿರುತ್ತಿದ್ದರು. ಶನಿವಾರದ ರಾತ್ರಿ ಅದೇ ಬೀದಿಗಳ ಬಿಳಿಯ ಹುಡುಗರು ಡೆಟ್ರಾಯಿಟ್‌ನ ಕಪ್ಪು ದನಿಗೆ ಎಚ್ಚರವಿರುತ್ತಿದ್ದರು. 1976ರ ಸ್ಥಳೀಯ ಚುನಾವಣೆಯಲ್ಲಿ ಬ್ಲ್ಯಾಕ್‌ಬರ್ನ್‌ನ ಮತದಾರರು ವಲಸಿಗರನ್ನು ಹೊರಗಟ್ಟಬೇಕೆನ್ನುವ ನ್ಯಾಷನಲ್ ಪಾರ್ಟಿಗೆ ಎರಡು ಸ್ಥಾನ ಗೆಲ್ಲಿಸಿಕೊಟ್ಟರು. ಆಗ ವಿಗನ್ ಕ್ಯಾಸಿನೊ ತನ್ನ ಉತ್ತುಂಗದಲ್ಲಿತ್ತು.

ಕುಣಿಯಲು ಬಂದವರೇ ಆ ಮತ ಹಾಕಿದರೆಂದು ಹೇಳಲಾಗದು. ಕುಣಿತದ ನೆಲದಲ್ಲಿ ಕಪ್ಪು ಯುವಕರೂ ಇದ್ದರು, ಅವರಲ್ಲಿ ಕೆಲವರು ಅಲ್ಲಿನ ಮೆಚ್ಚಿನ ನೃತ್ಯಗಾರರೂ ಆಗಿದ್ದರು. ಈ ಸಂಗೀತವೇ ತಮ್ಮನ್ನು ವರ್ಣದ್ವೇಷದಿಂದ ಕಾಪಾಡಿತೆಂದು ನಂಬಿದವರೂ ಇದ್ದಾರೆ. ಹೆಸರಿಟ್ಟ ಗೋಡಿನ್ ಅಂತೂ ಕಪ್ಪು ಅಮೆರಿಕದ ಸಂಗೀತವನ್ನು ಅದರ ಹಿಂದಿನ ನೋವಿನಿಂದ ಬೇರ್ಪಡಿಸಿ ನೋಡಲೇ ಇಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಕಡಲಾಚೆಯ ಹಾಡುಗಾರ ಮನೆ ಬಾಡಿಗೆಗೆ ಕೇಳುವುದಿಲ್ಲ, ಕೆಲಸಕ್ಕೆ ಪೈಪೋಟಿಗೆ ನಿಲ್ಲುವುದಿಲ್ಲ, ಮಗುವನ್ನು ನಿಮ್ಮ ಶಾಲೆಗೆ ಸೇರಿಸುವುದಿಲ್ಲ. ಅವನನ್ನು ಪ್ರೀತಿಸುವುದು ಸುಲಭ. ಪಕ್ಕದ ಮನೆಯವನು ಇದೆಲ್ಲವನ್ನೂ ಕೇಳುತ್ತಾನೆ.

ಕರೋಲಿನಾದ ಕಡಲತೀರ

ಟ್ಯಾಮ್ಸ್ ತಂಡದ ಹೆಸರು ಮೇಲೆ ಬಂತಷ್ಟೆ. ಅದೇ ತಂಡವನ್ನು ಇಂದಿಗೂ ತಮ್ಮದೆನ್ನುವ ಇನ್ನೊಂದು ಕುಣಿತದ ಲೋಕ ಅಮೆರಿಕದಲ್ಲೇ ಇದೆ. ಉತ್ತರ ಮತ್ತು ದಕ್ಷಿಣ ಕರೋಲಿನಾ ರಾಜ್ಯಗಳ ಕಡಲತೀರದಲ್ಲಿ ‘ಶ್ಯಾಗ್’ ಎಂಬ ಜೋಡಿ ನೃತ್ಯವಿದೆ. ಕಪ್ಪು ಗಾಯಕರ ಹಳೆಯ ತಟ್ಟೆಗಳೇ ಅದರ ಜೀವಾಳ. ಅಲ್ಲಿ ಈ ಹಾಡುಗಳಿಗೆ ‘ಬೀಚ್ ಮ್ಯೂಸಿಕ್’ ಎಂದು ಹೆಸರು. ಇಲ್ಲಿಯೂ ಹೆಸರು ಬಂದದ್ದು ಕುಣಿದವರ ಜಾಗದಿಂದ. ವಿಪರ್ಯಾಸವೆಂದರೆ ವರ್ಣಭೇದದ ಕಾಲದಲ್ಲಿ ಆ ಬಿಳಿಯರ ಕಡಲತೀರಗಳಿಗೆ ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ.

ಮರ್ಟಲ್ ಬೀಚ್ ಊರಿನ ಕಪ್ಪು ಜನರ ಕೇರಿಯಲ್ಲಿ ಚಾರ್ಲಿ ಫಿಟ್ಜ್‌ಜೆರಾಲ್ಡ್ ಎಂಬವರ ಕ್ಲಬ್ ಇತ್ತು. ಸಂಗೀತಕ್ಕೂ ಹೊಸ ಹೆಜ್ಜೆಗಳಿಗೂ ಮನಸೋತ ಬಿಳಿಯ ಯುವಕರು ಕಾನೂನು ಮೀರಿ ಅಲ್ಲಿಗೆ ಬರತೊಡಗಿದರು. 1950ರ ಆಗಸ್ಟ್ 26ರ ರಾತ್ರಿ ಕು ಕ್ಲಕ್ಸ್ ಕ್ಲಾನ್‌ನ ಗುಂಪು ಆ ಕ್ಲಬ್ಬಿನ ಮೇಲೆ ಗುಂಡಿನ ಮಳೆಗರೆಯಿತು. ಚಾರ್ಲಿಯನ್ನು ಹೊತ್ತೊಯ್ದು ಹೊಡೆದು ಕಿವಿ ಕತ್ತರಿಸಿ ಬಿಟ್ಟಿತು. ಗದ್ದಲದಲ್ಲಿ ಸತ್ತ ದಾಳಿಕೋರನೊಬ್ಬನ ನಿಲುವಂಗಿಯ ಕೆಳಗೆ ಪೊಲೀಸ್ ಸಮವಸ್ತ್ರವಿತ್ತು. ದಾಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಜೈಲಿನಲ್ಲಿ ಕೂರಬೇಕಾದದ್ದು ಏಟು ತಿಂದ ಚಾರ್ಲಿಯೇ.

1984ರಲ್ಲಿ ದಕ್ಷಿಣ ಕರೋಲಿನಾ ಶ್ಯಾಗ್ ಅನ್ನು ತನ್ನ ಅಧಿಕೃತ ರಾಜ್ಯನೃತ್ಯವೆಂದು ಘೋಷಿಸಿತು. ಕುಣಿತಕ್ಕೆ ಮನ್ನಣೆ ದೊರೆತು ಎಷ್ಟೋ ವರ್ಷಗಳ ಬಳಿಕ ಚಾರ್ಲಿಯ ಕಥೆ ಊರಿನ ಸಾರ್ವಜನಿಕ ನೆನಪಿಗೆ ಬಂತು. ಅವರ ಹಳೆಯ ಮೋಟೆಲಿನ ಉಳಿದ ಕಟ್ಟಡವನ್ನು ಈಗ ದುರಸ್ತಿಗೊಳಿಸಿ ಸ್ಮಾರಕದಂತೆ ಕಾಪಾಡಲಾಗಿದೆ.

ಉಳಿದದ್ದು

ವಿಗನ್ ಕ್ಯಾಸಿನೊದ ಕೊನೆಯ ರಾತ್ರಿ 1981ರ ಡಿಸೆಂಬರ್ 6. ಬ್ರಿಟನ್‌ನ ನಿರುದ್ಯೋಗಿಗಳ ಸಂಖ್ಯೆ ಮರುತಿಂಗಳು ಮೂವತ್ತು ಲಕ್ಷ ದಾಟಿತು. ಮುಚ್ಚಿದ ಭವನಕ್ಕೆ ಬೆಂಕಿ ಬಿತ್ತು. 1983ರಲ್ಲಿ ಅದನ್ನು ಕೆಡವಲಾಯಿತು. ಅಲ್ಲೀಗ ಒಂದು ವ್ಯಾಪಾರ ಸಂಕೀರ್ಣವಿದೆ. ಕುಣಿತ ಮಾತ್ರ ನಿಲ್ಲಲಿಲ್ಲ. ಬೇರೆ ಬೇರೆ ಊರುಗಳ ಸಭಾಂಗಣಗಳಲ್ಲಿ ಮುಂದುವರಿಯಿತು. 2023ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ, ವಾದ್ಯವೃಂದವೊಂದು ಈ ಹಾಡುಗಳನ್ನು ನುಡಿಸಿತು. ಗುಜರಿಗೆ ಹೋಗಬೇಕಿದ್ದ ಹಾಡು ರಾಣಿ ವಿಕ್ಟೋರಿಯಾಳ ಗಂಡನ ಹೆಸರಿನ ಸಭಾಂಗಣದವರೆಗೆ ಬಂತು.

ಇದು ಸಣ್ಣ ಸಾಧನೆಯಲ್ಲ. ಯಾವ ಸರಕಾರವಾಗಲಿ ವಿಶ್ವವಿದ್ಯಾಲಯವಾಗಲಿ ಮಾಡದ ಕೆಲಸವನ್ನು ಗಣಿ ಕಾರ್ಮಿಕರ, ನೇಕಾರರ ಮಕ್ಕಳು ತಮ್ಮ ವಾರದ ಕೂಲಿಯಿಂದ ಮಾಡಿದರು. ಅವರಿಲ್ಲದಿದ್ದರೆ ಕಪ್ಪು ಅಮೆರಿಕದ ಸಂಗೀತದ ಒಂದು ದೊಡ್ಡ ಪಾಲು ಮಣ್ಣುಪಾಲಾಗುತ್ತಿತ್ತು. ಕಾರು ಕಾರ್ಖಾನೆಯ ಊರಿನ ದನಿಯನ್ನು ಹತ್ತಿ ಗಿರಣಿಯ ಊರು ಗುರುತಿಸಿದ್ದರಲ್ಲಿ ದುಡಿಯುವವರ ನಡುವಿನ ಯಾವುದೋ ನಂಟು ಇದ್ದೇ ಇದೆ.

ಅಷ್ಟನ್ನು ಒಪ್ಪಿಕೊಂಡ ಮೇಲೂ ಕಥೆಯ ಇನ್ನರ್ಧವನ್ನು ಹೇಳದೆ ಬಿಡುವಂತಿಲ್ಲ. ಹಾಡನ್ನು ಉಳಿಸುವುದು ಒಂದು ಕೆಲಸ. ಹಾಡಿದವರ ಹೆಸರು ಹೇಳಿ ಸಲ್ಲಬೇಕಾದ್ದನ್ನು ಸಲ್ಲಿಸುವುದು ಎರಡನೆಯದು. ಹಾಡಿದವರಂತೆಯೇ ಬೇರು ಕಿತ್ತುಕೊಂಡು ವಲಸೆ ಬಂದು ತಮ್ಮದೇ ಬೀದಿಯಲ್ಲಿ ಬಾಗಿಲು ತಟ್ಟುವವರನ್ನು ಒಳಗೆ ಕರೆಯುವುದು ಮೂರನೆಯದು. ಮೊದಲನೆಯದನ್ನು ಆ ತಲೆಮಾರು ಅದ್ಭುತವಾಗಿ ಮಾಡಿತು. ಎರಡನೆಯದನ್ನು ತಡವಾಗಿ, ಅರೆಬರೆಯಾಗಿ ಮಾಡಿತು. ಮೂರನೆಯದು ಕುಣಿತದ ಭವನದಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಅದು ಗಿರಣಿಯಲ್ಲಿ, ಶಾಲೆಯಲ್ಲಿ, ಮತಗಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಅನ್ಯರ ಊಟ, ಉಡುಗೆ, ಹಾಡು, ಕವಿತೆಗಳನ್ನು ಮೆಚ್ಚಿ ಅಷ್ಟಕ್ಕೇ ಸೌಹಾರ್ದ ಸಾಧಿಸಿಬಿಟ್ಟೆವೆಂದು ತೃಪ್ತಿಪಡುವ ಸಮಾಜ ಯಾವುದೇ ಇರಲಿ, ವಿಗನ್‌ನ ಆ ರಾತ್ರಿಗಳನ್ನೂ ಬ್ಲ್ಯಾಕ್‌ಬರ್ನ್‌ನ ಆ ಚುನಾವಣೆಯನ್ನೂ ಒಟ್ಟಿಗೇ ಓದಿಕೊಳ್ಳುವುದು ಒಳ್ಳೆಯದು.